ಕತ್ತಿನ ಗುಳಿಯ ನೆರಳು

ಅವರ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಯಾರೋ ಅವರ ಮುಖವನ್ನು ಬೆಳ್ಳಗೆ ಮಾಡಿದ್ದರು. ಕಳೆದ ತಿಂಗಳು ಪೊನ್ನಂಪೇಟೆಯ ನನ್ನ ಈಗಿನ ಆಫೀಸಿಗೆ ಹೋಗುವಾಗ ಬಸ್ಸು ಸಿದ್ದಾಪುರದ ಸ್ಟ್ಯಾಂಡಿನಲ್ಲಿ ನಿಂತಿತು, ಕಿಟಕಿಯಿಂದ ಕಂಡಿತು. ಕೆನ್ನೆಯ ಸುಕ್ಕುಗಳನ್ನೆಲ್ಲ ಒರೆಸಿ, ತುಟಿಗೆ ಒಂದಿಷ್ಟು ಕೆಂಪು ಕೊಟ್ಟು, ಹಿಂದೆ ನೀಲಿ ಆಕಾಶ ಹಾಕಿದ್ದರು. ಯಾರೆಂದು ಮೊದಲು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮೂವತ್ತು ವರ್ಷ ಸ್ಟುಡಿಯೋ ನಡೆಸಿ, ಮುಖದ ಮೇಲಿನ ಒಂದು ಮೊಡವೆಯನ್ನೂ ಅಳಿಸಿಕೊಡಲಾರೆ ಎಂದು ಮದುವೆ ಮನೆಯವರಿಂದ ಬೈಸಿಕೊಂಡ ಮನುಷ್ಯ ಅವರು. ಅವರಿಗೇ ಈ ಗತಿ ಬಂತಲ್ಲ ಅನ್ನಿಸಿತು. ದುಃಖ ಬಂದದ್ದು ಬಸ್ಸು ಅಮ್ಮತ್ತಿ ದಾಟಿದ ಮೇಲೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಆಸ್ಪತ್ರೆಯ ಹೆಸರೂ ಡಾಕ್ಟರರ ಹೆಸರೂ ಅದರ ಹಿಂದೆಯೇ ಬರುತ್ತವೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ ನನ್ನ ಹೆಸರು ಬರುತ್ತದೆ, ನನಗೆ ಅದರದೇ ಭಯ. ನಾವೆಲ್ಲ ಅವರನ್ನು ಫೋಟೋ ಅಣ್ಣ ಎನ್ನುತ್ತಿದ್ದೆವು. ಅವರ ತಂದೆ ಕಣ್ಣೂರಿನ ಕಡೆಯಿಂದ ಬಂದು ಸಿದ್ದಾಪುರದಲ್ಲಿ ಸ್ಟುಡಿಯೋ ಇಟ್ಟವರು. ಅಣ್ಣ ನನ್ನನ್ನು ಮೊದಲ ದಿನದಿಂದಲೇ ಮೋಳೇ ಎಂದು ಕರೆದರು. ಮಲೆಯಾಳದಲ್ಲಿ ಮಗಳೇ ಎಂದರ್ಥ. ನನ್ನನ್ನು ಹಾಗೆ ಕರೆಯುವ ಅಗತ್ಯ ಅವರಿಗೇನೂ ಇರಲಿಲ್ಲ.

ಕೆಲವು ಕೂಸುಗಳಿಗೆ ಹುಟ್ಟಿದ ಒಂದೆರಡು ವಾರಕ್ಕೆ ಮುಖದ ಮೇಲೆ ಕೆಂಪು ಮಚ್ಚೆ ಏಳುತ್ತದೆ. ಚರ್ಮದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಗುಂಪುಗಟ್ಟಿ ಬೆಳೆದು ಆಗುವ ಮಚ್ಚೆ. ಕುಶಾಲನಗರದ ನಮ್ಮ ಮನೆಯಲ್ಲಿ ಅದನ್ನು ಗ್ರಹಣ ತಾಗಿದ್ದು ಎನ್ನುತ್ತಾರೆ. ನನ್ನಮ್ಮ ಹಾಸನದಿಂದ ಬರುವಾಗ ಪಾತ್ರೆಪಗಡಿಯ ಜೊತೆ ಆ ಮಾತನ್ನೂ ತಂದಿದ್ದಾಳೆ. ಹೆಚ್ಚಿನವು ಮೊದಲ ಕೆಲವು ತಿಂಗಳು ಬೆಳೆದು ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ತಾವೇ ಕುಗ್ಗುತ್ತವೆ. ಬೆಳೆಯುತ್ತಿರುವಾಗಲೇ ದಿನಕ್ಕೆರಡು ಸಲ ಅದರ ಮೇಲೆ ಒಂದು ಹನಿ ಔಷಧಿ ಹಚ್ಚಿದರೆ ಬೇಗ ಮಾಸುತ್ತದೆಯೇ ಎಂದು ನೋಡುವುದು ಕೆಲವು ವರ್ಷಗಳ ಹಿಂದಿನ ನಮ್ಮ ಅಧ್ಯಯನ. ಮೈಸೂರಿನಿಂದ ಬಂದುಹೋಗುವ ಚರ್ಮದ ಡಾಕ್ಟರರು ಅದರ ಮುಖ್ಯಸ್ಥರು. ಸಿದ್ದಾಪುರದ ಹತ್ತಿರ ಒಂದು ಸಣ್ಣ ಆಸ್ಪತ್ರೆಯ ಹಿಂಬದಿಯ ಕೋಣೆ ನಮ್ಮದು. ಫಾರಂ ತುಂಬುವುದು, ತಾಯಂದಿರಿಗೆ ಫೋನ್ ಮಾಡಿ ಕರೆಸುವುದು, ಕಾಗದಪತ್ರ ಕಾಯುವುದು ನನ್ನ ಕೆಲಸ.

ಔಷಧಿ ಹಚ್ಚುವುದು ಸುಲಭ, ಗುಣ ಕಂಡಿದೆ ಎಂದು ಹೇಳುವುದು ಕಷ್ಟ. ತಾಯಿಗೆ ಮಾಸಿದಂತೆ ಕಂಡದ್ದು ಅಜ್ಜಿಗೆ ಹೆಚ್ಚಾದಂತೆ ಕಾಣುತ್ತದೆ. ಬೆಳಿಗ್ಗೆ ತಿಳಿಯಾಗಿದ್ದ ಮಚ್ಚೆ ಮಗು ಅತ್ತರೆ ಕೆಂಡವಾಗುತ್ತದೆ. ಅದಕ್ಕೇ ಪ್ರತಿ ತಿಂಗಳೂ ಫೋಟೋ ತೆಗೆದು, ಫೋಟೋ ನೋಡಿ ಅಳೆಯಬೇಕೆಂದು ತೀರ್ಮಾನವಾಗಿತ್ತು. ಮೊದಮೊದಲು ನರ್ಸು ತಮ್ಮ ಮೊಬೈಲಿನಲ್ಲಿ ತೆಗೆದರು. ಒಂದೇ ಮಗು ಒಂದು ಫೋಟೋದಲ್ಲಿ ಅರಿಶಿನ ಹಚ್ಚಿದ ಹಾಗೆ, ಇನ್ನೊಂದರಲ್ಲಿ ಚಳಿಗೆ ನೀಲಿಗಟ್ಟಿದ ಹಾಗೆ ಬಂತು. ಡಾಕ್ಟರರು ತಲೆ ಚಚ್ಚಿಕೊಂಡು, ಊರಲ್ಲಿ ಒಳ್ಳೆಯ ಫೋಟೋಗ್ರಾಫರ್ ಯಾರಿದ್ದಾರೆ ಎಂದು ಕೇಳಿದರು. ಒಳ್ಳೆಯವರಿದ್ದಾರೆ, ಆದರೆ ಸ್ವಲ್ಪ ಒಂಥರಾ ಎಂದು ಆಸ್ಪತ್ರೆಯವರು ಹೇಳಿದರು.

ಆ ಒಂಥರಾ ಏನೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಬಂದವರೇ ಕಿಟಕಿಗೆ ಕಪ್ಪು ಪರದೆ ಹೊಲಿಸಿ ಹಾಕಿಸಿದರು. ಎರಡು ದೀಪ ನಿಲ್ಲಿಸಿ, ಅವುಗಳ ಕಾಲು ಬಂದ ಕಡೆ ನೆಲಕ್ಕೆ ಪೇಂಟಿನಲ್ಲಿ ಗುರುತು ಮಾಡಿದರು. ಲೆನ್ಸಿನ ಬುಡಕ್ಕೆ ಒಂದು ದಾರ ಕಟ್ಟಿದರು, ಆ ದಾರದ ಗಂಟು ಮಗುವಿನ ಮೂಗಿನ ತುದಿಗೆ ಬರಬೇಕು. ಕೆನ್ನೆಯ ಪಕ್ಕ ಬಣ್ಣದ ಚೌಕಗಳಿರುವ ಒಂದು ಕಾರ್ಡು. ಕರೆಂಟ್ ಹೋಗಿ ಜನರೇಟರ್ ಶುರುವಾದರೆ ಕ್ಯಾಮೆರಾ ಕೆಳಗಿಟ್ಟು ಫ್ಲಾಸ್ಕಿನಿಂದ ಕಟ್ಟನ್ ಚಾಯ ಬಗ್ಗಿಸಿಕೊಂಡು ಕೂತುಬಿಡುತ್ತಿದ್ದರು. ಹಾಲಿಲ್ಲದ ಆ ಕಪ್ಪು ಚಹಾ ಒಂದು ಗಂಟೆ ಬರುತ್ತಿತ್ತು. ತಾಯಂದಿರು ಬಸ್ಸು ತಪ್ಪುತ್ತದೆ ಎಂದು ಗೊಣಗಿದರೆ, "ಬಸ್ಸು ಇನ್ನೊಂದು ಬರ್ತದೆ ಅಮ್ಮ, ಈ ತಿಂಗಳು ಇನ್ನೊಂದು ಬರಲ್ಲ" ಎನ್ನುತ್ತಿದ್ದರು.

ಕೂಸಿನ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇಡದೆ ಯಾವ ತಾಯಿ ಹೊರಗೆ ಕರೆತರುತ್ತಾಳೆ? ಮಚ್ಚೆ ಇರುವ ಮಗುವಿಗಂತೂ ಎರಡು. ಒರೆಸಿ ಎಂದು ನಾನು ಹೇಳಿದರೆ ಮುಖ ಸಿಂಡರಿಸುತ್ತಿದ್ದರು. ಅಣ್ಣ ಮಾತ್ರ ತಾವೇ ಕಾಡಿಗೆ ಡಬ್ಬಿ ತಂದಿಟ್ಟುಕೊಂಡಿದ್ದರು. ಕೆನ್ನೆಯ ಬೊಟ್ಟು ಒರೆಸಿ ಅಂಗಾಲಿಗೆ ಒಂದು ಇಡುತ್ತಿದ್ದರು. "ಎಲ್ಲಿಟ್ಟಿದ್ದೇವೆ ಅಂತ ದೃಷ್ಟಿಗೆ ಗೊತ್ತಾಗೋದು ಬೇಡ" ಎನ್ನುತ್ತಿದ್ದರು. ಇನ್ನು ಪೌಡರ್. ನಮಗೆ ಖುಷಿಯಾಗಲಿ ಎಂದು ಫೋಟೋದ ದಿನ ಮಚ್ಚೆಗೆ ಪೌಡರ್ ಬಳಿದು ತರುವವರಿದ್ದರು. ಅದನ್ನು ಒದ್ದೆ ಹತ್ತಿಯಲ್ಲಿ ಒರೆಸಿ, ಉಜ್ಜಿದ್ದರಿಂದ ಚರ್ಮ ಕೆಂಪಾಗಿರುತ್ತದೆಂದು ಮತ್ತೆ ಇಪ್ಪತ್ತು ನಿಮಿಷ ಕಾಯುತ್ತಿದ್ದರು. ಒಮ್ಮೆ ನನಗೆ ತಡೆಯಲಾಗದೆ, "ಅಷ್ಟೊಂದು ಏನು ಅಣ್ಣಾ, ನೀವು ಇಲ್ಲಿ ಪೂಜೆ ಮಾಡ್ತಾ ಇದ್ದೀರಾ?" ಎಂದೆ.

ಅವರು ನಗಲಿಲ್ಲ. "ಬೆಳಕು ನಾನು ಅಲ್ಲಾಡಿಸಲ್ಲ ಮೋಳೇ," ಎಂದರು. "ಆಮೇಲೆ ಏನು ಅಲ್ಲಾಡಿದ್ರೂ ಅದು ಮಗುದು ಅಂತ ನನಗೆ ಗೊತ್ತಿರಬೇಕು."

ಊರಿನವರು ಅವರ ಸ್ಟುಡಿಯೋಕ್ಕೆ ಹೋಗುವುದನ್ನು ಕಡಿಮೆ ಮಾಡಿದ್ದು ಬರೀ ಮೊಬೈಲ್ ಬಂದದ್ದರಿಂದ ಅಲ್ಲ. ಅದನ್ನು ನನಗೆ ಹೇಳಿದ್ದು ಆಸ್ಪತ್ರೆಯ ನರ್ಸು. ಬಹಳ ವರ್ಷದ ಹಿಂದೆ ಒಬ್ಬರು ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋಗಿದ್ದರಂತೆ. ಅಣ್ಣ ಫೋಟೋ ತೆಗೆದು ಕೊಟ್ಟು, ನಿಮ್ಮ ಕಣ್ಣಿನ ಬಿಳಿ ಹೋದ ವರ್ಷದ ಹಾಗಿಲ್ಲ, ಒಮ್ಮೆ ಡಾಕ್ಟರರಿಗೆ ತೋರಿಸಿ ಎಂದರಂತೆ. ಆ ಮನುಷ್ಯ ಸಿಟ್ಟಾಗಿ ಎದ್ದುಹೋದ. ಅದೇ ಮಳೆಗಾಲದಲ್ಲಿ ಲಿವರ್ ಹಾಳಾಗಿ ತೀರಿಕೊಂಡ. ಇನ್ನೊಬ್ಬ ಹೆಂಗಸಿಗೆ ಕತ್ತು ಒಂದು ಕಡೆ ಊದಿದೆ ಎಂದಿದ್ದರು, ಅದೂ ಸುಳ್ಳಾಗಲಿಲ್ಲ. ಅಲ್ಲಿಂದ ಶುರುವಾಯಿತು, ಅವನ ಕಣ್ಣು ಒಳ್ಳೆಯದಲ್ಲ, ಅವನ ಮುಂದೆ ಕೂತರೆ ಏನಾದರೂ ಹೇಳಿಬಿಡುತ್ತಾನೆ ಎಂಬ ಮಾತು. ನೋಡಿದವನೇ ತಂದವನು ಎಂದು ಜನ ತೀರ್ಮಾನಿಸಿದ್ದರು. ಕಂಡದ್ದನ್ನು ಹೇಳುವುದನ್ನು ಅವರು ಆಮೇಲೆ ಬಿಟ್ಟರಂತೆ.

ನಾನು ಇದನ್ನು ಕೇಳಿ ನಕ್ಕಿದ್ದೆ. ಆದರೆ ಆಮೇಲೆ ಅವರು ಮಕ್ಕಳನ್ನು ನೋಡುವ ರೀತಿಯನ್ನು ಗಮನಿಸತೊಡಗಿದೆ. ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಮಗುವನ್ನು ಮುದ್ದು ಮಾಡುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಎಷ್ಟು ಹೊತ್ತು ನೋಡುತ್ತಿದ್ದರೆಂದರೆ, ಈಗ ಏನು ಹೇಳಿಬಿಡುತ್ತಾರೋ ಎಂದು ನಾನೂ ಬರೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದೆ. ಏನೂ ಹೇಳದೆ ಫೋಟೋ ತೆಗೆದರೆ ಬದುಕಿದೆ ಅನ್ನಿಸುತ್ತಿತ್ತು.

ಅವರು ತೆಗೆದ ಫೋಟೋಗಳನ್ನು ಮುಂದೆ ನಾನು ಏನು ಮಾಡುತ್ತಿದ್ದೆ ಎಂದು ಹೇಳಬೇಕು, ಯಾಕೆಂದರೆ ತಪ್ಪು ಆಗಿದ್ದು ಅಲ್ಲಿ. ಮಚ್ಚೆ ಇರುವಷ್ಟು ಭಾಗವನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಮಗುವಿನ ಗುರುತು ಹತ್ತಬಾರದು ಎಂಬ ನಿಯಮ. ಆಮೇಲೆ ಯಾವುದು ಮೊದಲ ತಿಂಗಳದ್ದು, ಯಾವುದು ಮೂರನೆಯದ್ದು ಎಂದು ಗೊತ್ತಾಗದ ಹಾಗೆ ಎಲ್ಲ ಮಕ್ಕಳ ಫೋಟೋಗಳನ್ನೂ ಕಲಸಿ ಇಬ್ಬರು ಡಾಕ್ಟರರಿಗೆ ಕಳಿಸುತ್ತಿದ್ದೆ. ಒಬ್ಬರು ನಮ್ಮ ಮುಖ್ಯಸ್ಥರೇ. ಪ್ರತಿ ಫೋಟೋದ ಕೆಳಗೂ ಹತ್ತು ಸೆಂಟಿಮೀಟರ್ ಉದ್ದದ ಒಂದು ಗೆರೆ. ಎಡ ತುದಿ ಎಂದರೆ ಮಚ್ಚೆ ತುಂಬಾ ಇದೆ, ಬಲ ತುದಿ ಎಂದರೆ ಚರ್ಮ ಸ್ವಚ್ಛ. ಡಾಕ್ಟರರು ನೋಡಿ ಎಲ್ಲೋ ಒಂದು ಕಡೆ ಗೀಟು ಹಾಕುತ್ತಾರೆ. ಆ ಗೀಟು ಎಡದಿಂದ ಎಷ್ಟು ದೂರದಲ್ಲಿದೆ ಎಂದು ನಾನು ಸ್ಕೇಲಿನಲ್ಲಿ ಅಳೆದು ಬರೆಯುತ್ತೇನೆ. ಔಷಧಿ ಹಚ್ಚಿದ ಮೇಲಿನ ಫೋಟೋ ಎಂದು ಗೊತ್ತಿದ್ದರೆ ಯಾವ ಡಾಕ್ಟರರ ಕೈಯಾದರೂ ಸ್ವಲ್ಪ ಬಲಕ್ಕೆ ಜಾರುತ್ತದೆ. ಹಾಗಾಗಿ ಕ್ರಮ ಗೊತ್ತಿರುವವಳು ನಾನೊಬ್ಬಳೇ. ಅದನ್ನು ಯಾರಿಗೂ ತೋರಿಸುವುದಿಲ್ಲ ಎಂದು ಸಹಿ ಹಾಕಿದ್ದೆ. ಕಬ್ಬಿಣದ ಬೀರುವಿನ ಬೀಗದ ಕೈ ನನ್ನ ಕುತ್ತಿಗೆಯಲ್ಲೇ ಇರುತ್ತಿತ್ತು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಆ ಬೀಗದ ಕೈ ಎಷ್ಟು ಹೆಮ್ಮೆ ಕೊಟ್ಟಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಮಗು ಬಂದದ್ದು ನವೆಂಬರಿನಲ್ಲಿ. ಚೆಟ್ಟಳ್ಳಿ ರಸ್ತೆಯ ಒಂದು ಎಸ್ಟೇಟಿನ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಎರಡು ತಿಂಗಳ ಹೆಣ್ಣುಕೂಸು. ತಾಯಿ ತಮಿಳಿನವಳು, ಅವಳೂ ಹುಟ್ಟಿದ್ದು ಅದೇ ಲೈನಿನ ಮನೆಯಲ್ಲಿ. ಕೂಸಿನ ಕೆಳತುಟಿಯಿಂದ ಗದ್ದಕ್ಕೆ ಇಳಿದು ದವಡೆಯವರೆಗೆ ಹಬ್ಬಿದ ಮಚ್ಚೆ, ತೆಳುವಾಗಿ, ಹಣ್ಣಾದ ಕಾಫಿಯ ಬಣ್ಣದಲ್ಲಿ. ಡಾಕ್ಟರರು ನೋಡಿ, ಚಪ್ಪಟೆಯಾಗಿದೆ, ಹನಿಗೆ ಚೆನ್ನಾಗಿ ಬಗ್ಗುತ್ತದೆ ಎಂದು ಸೇರಿಸಿಕೊಂಡರು. ಗಡ್ಡ ಬರುವ ಜಾಗದಲ್ಲಿ ಮಚ್ಚೆ ಇರುವ ಕೆಲವು ಕೂಸುಗಳಿಗೆ ಒಳಗೆ ಗಂಟಲಿನ ಉಸಿರು ದಾರಿಯಲ್ಲೂ ಒಂದು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರರಿಗೆ ಗೊತ್ತಿತ್ತು. ಅವತ್ತು ಹದಿನಾಲ್ಕು ಮಕ್ಕಳು ಬಂದಿದ್ದವು, ಅವರಿಗೆ ಮೈಸೂರಿನ ಬಸ್ಸು ಹಿಡಿಯಬೇಕಿತ್ತು. ಆಮೇಲಿನ ಭೇಟಿಗಳಲ್ಲಿ ಕೂಸುಗಳನ್ನು ನೋಡುವವರು ನಾನು, ನರ್ಸು, ಫೋಟೋ ಅಣ್ಣ, ಇಷ್ಟೇ ಜನ.

ಮಚ್ಚೆ ಬಗ್ಗಿತು. ಡಿಸೆಂಬರಿನ ಫೋಟೋಕ್ಕೆ ಗೀಟು ಬಲಕ್ಕೆ ಸರಿಯಿತು. ಜನವರಿಗೆ ಇನ್ನೂ ಸರಿಯಿತು, ನಮ್ಮ ಇಡೀ ಅಧ್ಯಯನದಲ್ಲೇ ಅಷ್ಟು ಬೇಗ ಮಾಸಿದ ಮಚ್ಚೆ ಬೇರೆ ಇರಲಿಲ್ಲ. ಸ್ಕೇಲು ಇಟ್ಟು ಅಳೆಯುವಾಗ ನನಗೆ ನನ್ನ ಮಗುವೇ ಪಾಸಾದಷ್ಟು ಸಂತೋಷ. ಜನವರಿಯಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರು. ತಾಯಿ ಕೆಲಸ ಬಿಟ್ಟು ಬಂದಿದ್ದಳು, ಸೆರಗಿನಲ್ಲಿ ಇನ್ನೂ ಕಾಫಿ ಎಲೆಯಿತ್ತು. ಫಾರಮಿನಲ್ಲಿದ್ದ ಹಾಗೆ ಕೇಳಿದೆ, ಮೈಮೇಲೆ ಗುಳ್ಳೆ ಎದ್ದಿದೆಯೇ, ಹಾಲು ಕುಡಿಯುತ್ತದೆಯೇ, ಉಸಿರಾಟದ ತೊಂದರೆ ಇದೆಯೇ.

"ಗೊರಗೊರ ಅಂತದೆ ಅಕ್ಕಾ. ಮಂಜಲ್ವಾ? ಲೈನಲ್ಲಿ ಎಲ್ಲಾ ಪಾಪುಗೂ ಹಂಗೇ," ಎಂದಳು.

ನಾನು ನೆಗಡಿ ಎಂದು ಬರೆದೆ. ಆ ತಿಂಗಳು ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಹಾಗೆಯೇ ಬರೆದಿದ್ದೆ.

ಫೋಟೋ ತೆಗೆದ ಮರುದಿನ, ಗುರುವಾರ, ಮಧ್ಯಾಹ್ನ ಅಣ್ಣ ಕೋಣೆಗೆ ಬಂದು ಬಾಗಿಲು ಮುಚ್ಚಿದರು. ಮೂರು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಆ ಕೂಸಿನದೇ. ಕತ್ತರಿಸದ ಫೋಟೋಗಳು, ಮುಖ, ಕತ್ತು, ಎದೆಯವರೆಗೆ. ಅವುಗಳನ್ನು ಪ್ರಿಂಟ್ ಹಾಕಲೇಬಾರದೆಂದು ನಿಯಮ.

"ಅಣ್ಣಾ, ಇದೇನು ಮಾಡಿದ್ರಿ? ಇದನ್ನ ಯಾರಾದ್ರೂ ನೋಡಿದ್ರೆ ನನ್ನ ಕೆಲಸ ಹೋಗುತ್ತೆ."

"ನೀನು ಮಚ್ಚೆ ನೋಡಬೇಡ. ಇಲ್ಲಿ ನೋಡು." ಅವರ ಬೆರಳು ಮಗುವಿನ ಕತ್ತಿನ ಬುಡದಲ್ಲಿತ್ತು, ಎರಡು ಕಾಲರ್ ಮೂಳೆಗಳು ಸೇರುವ ಗುಳಿಯಲ್ಲಿ. ಮೊದಲ ಫೋಟೋದಲ್ಲಿ ಅಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಬೂದು ಬಣ್ಣದ ಒಂದು ಚುಕ್ಕೆ. ಮೂರನೆಯದರಲ್ಲಿ ಹೆಬ್ಬೆರಳು ಒತ್ತಿದಷ್ಟು ನೆರಳು.

"ಲೈಟ್ ನಾನು ಮುಟ್ಟಿಲ್ಲ," ಎಂದರು. "ನೆರಳು ಎಲ್ಲಿಂದ ಬಂತು?"

"ಮಗು ತೆಳ್ಳಗಾಗಿರಬಹುದು."

"ತೂಕ ಹೆಚ್ಚಾಗಿದೆ, ನೀನೇ ಬರೆದಿದ್ದೀಯ. ಇದು ಉಸಿರು ಎಳ್ಕೊಳ್ಳುವಾಗ ಒಳಗೆ ಹೋಗ್ತಾ ಇರೋದು. ನಿನ್ನೆ ಆ ಮಗು ಅಳಲೇ ಇಲ್ಲ ಮೋಳೇ, ನೀನು ನೋಡಿದ್ಯಾ? ಬಾಯಿ ತೆಗೀತು, ಸ್ವಲ್ಪ ಕೀರಲು ಸದ್ದು ಬಂತು, ನಿಲ್ಲಿಸ್ತು. ಅಳೋಕೆ ಬೇಕಾದಷ್ಟು ಉಸಿರು ಇಲ್ಲ ಅದಕ್ಕೆ."

"ಚಳಿಗೆ ಎಲ್ಲ ಮಕ್ಕಳಿಗೂ ಕಫ ಇದೆ ಅಣ್ಣಾ."

"ಎಲ್ಲ ಮಕ್ಕಳದ್ದೂ ತೆಗೆದು ನೋಡಿದೆ. ಬೇರೆ ಒಂದಕ್ಕೂ ಇಲ್ಲ." ಫೋಟೋಗಳನ್ನು ನನ್ನ ಕಡೆಗೆ ಸರಿಸಿ, "ನಾನು ಹೇಳಿದ್ರೆ ಜನ ಏನಂತಾರೆ ನಿನಗೆ ಗೊತ್ತು. ನೀನು ಡಾಕ್ಟರಿಗೆ ಫೋನ್ ಮಾಡು. ಈ ಮೂರನ್ನೂ ಮೊಬೈಲಲ್ಲಿ ಕಳಿಸು," ಎಂದರು.

ನಾನು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಆಮೇಲೆ ಕೇಳಿದವರಿಗೆಲ್ಲ ನಿಯಮದ ಹೆಸರು ಹೇಳಿದ್ದೇನೆ. ಗೀಟು ಹಾಕುವ ಡಾಕ್ಟರರು ಒಂದೇ ಮಗುವಿನ ಮೂರು ಫೋಟೋಗಳನ್ನು ಕ್ರಮವಾಗಿ ನೋಡಿಬಿಟ್ಟರೆ ಆ ಮಗುವಿನ ಅಳತೆ ಕೆಡುತ್ತದೆ, ಅದನ್ನು ಅಧ್ಯಯನದಿಂದ ತೆಗೆಯಬೇಕಾಗುತ್ತದೆ. ಅದು ನಿಜ. ಅದು ನಮ್ಮ ಅತಿ ಒಳ್ಳೆಯ ಅಳತೆಯಾಗಿತ್ತು ಎನ್ನುವುದೂ ನಿಜ. ಫೋಟೋ ತೋರಿಸದೆ ಬಾಯಿಮಾತಲ್ಲೇ ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಫೋಟೋಗ್ರಾಫರ್ ಒಬ್ಬರಿಗೆ ನೆರಳು ಕಂಡಿದೆ ಎಂದು ದೊಡ್ಡ ಡಾಕ್ಟರರಿಗೆ ಹೇಗೆ ಹೇಳುವುದು ಎಂದು ಸಂಕೋಚವಾಯಿತು. ಮುಂದಿನ ಗುರುವಾರ ಅವರೇ ಬರುತ್ತಾರೆ, ಆಗ ಮಗುವನ್ನು ಕರೆಸಿ ತೋರಿಸೋಣ ಎಂದೆ. ಮೂರೂ ಫೋಟೋಗಳನ್ನು ಮೇಜಿನಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅವರು ಬೀರುವನ್ನೇ ನೋಡುತ್ತಾ ನಿಂತಿದ್ದರು. "ಗುರುವಾರ," ಎಂದರು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು.

ಶುಕ್ರವಾರ ನನ್ನನ್ನು ಮಾತಾಡಿಸಲಿಲ್ಲ. ಶನಿವಾರ ಬೆಳಿಗ್ಗೆ, ತಾಯಿಯ ನಂಬರ್ ಕೊಡು ಎಂದು ಕೇಳಿದರು. ತಾಯಂದಿರ ನಂಬರ್ ಹೊರಗೆ ಕೊಡುವಂತಿಲ್ಲ ಎಂದೆ. ಹೌದು, ಹಾಗೆಯೇ ಅಂದೆ, ಒಂದೂವರೆ ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಹೊರಗಿನವರಿಗೆ ಹೇಳುವ ಹಾಗೆ.

ಭಾನುವಾರ ಅವರು ಒಂದು ಜೀಪು ಮಾಡಿಕೊಂಡು ಹೊರಟರು. ಯಾವ ಎಸ್ಟೇಟ್ ಎಂದು ಅವರಿಗೆ ಗೊತ್ತಿರಲಿಲ್ಲ. ಫೋಟೋದ ದಿನ ತಾಯಿ ಚೆಟ್ಟಳ್ಳಿ ಕಡೆಯ ಬಸ್ಸು ಕೇಳಿದ್ದು ಮಾತ್ರ ನೆನಪಿತ್ತು. ಲೈನಿನಿಂದ ಲೈನಿಗೆ ಹೋಗಿ, ಗದ್ದದ ಮೇಲೆ ಕೆಂಪು ಇರುವ ಪಾಪು ಯಾರ ಮನೆಯಲ್ಲಿದೆ ಎಂದು ಕೇಳಿದರಂತೆ. ನಾಲ್ಕನೆಯ ಎಸ್ಟೇಟಿನಲ್ಲಿ ಸಿಕ್ಕಿತು. ಮಗುವಿಗೆ ಓಮದ ಹೊಗೆ ಕೊಟ್ಟು, ಎದೆಗೆ ಎಣ್ಣೆ ತಿಕ್ಕಿ ಮಲಗಿಸಿದ್ದರು. ಬಾಗಿಲಲ್ಲಿ ನಿಂತರೇ ಶಿಳ್ಳೆಯ ಹಾಗೆ ಉಸಿರು ಕೇಳುತ್ತಿತ್ತಂತೆ. ತುಟಿಯ ಸುತ್ತ ಮಚ್ಚೆ ಮಾಸಿದ ಕಡೆಯೆಲ್ಲ ನೀಲಿಯಾಗಿತ್ತಂತೆ. ಇದನ್ನೆಲ್ಲ ನನಗೆ ಹೇಳಿದ್ದು ಜೀಪಿನ ಡ್ರೈವರ್. ಅಣ್ಣ ಮಗುವನ್ನು ಅದೇ ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಒಯ್ದು, ಅಲ್ಲಿಂದ ಸಂಜೆ ನನಗೆ ಫೋನ್ ಮಾಡಿ ಹೇಳಿದ್ದು ಎರಡೇ ಮಾತು.

"ಮಗು ಇದೆ. ಕತ್ತು ಕೊಯ್ದು ನಳಿಗೆ ಹಾಕಿದ್ದಾರೆ."

ಅಲ್ಲಿನ ಗಂಟಲಿನ ಡಾಕ್ಟರರನ್ನು ನಾನು ಆಮೇಲೆ ಕಂಡೆ. ಒಳಗಿನ ಗಡ್ಡೆ ಉಸಿರು ದಾರಿಯನ್ನು ಮುಕ್ಕಾಲು ಪಾಲು ಮುಚ್ಚಿತ್ತು ಎಂದರು. ಮೇಲೆ ಹಚ್ಚಿದ ಹನಿ ಅಲ್ಲಿಗೆ ತಲುಪುವುದಿಲ್ಲ. ಕುಡಿಯುವ ಔಷಧಿ ಬೇರೆ ಇದೆ, ಮೂರು ದಿನ ಮೊದಲು ಬಂದಿದ್ದರೆ ಅದರಲ್ಲೇ ಆಗುತ್ತಿತ್ತೇನೋ, ಕೊಯ್ಯುವುದು ತಪ್ಪುತ್ತಿತ್ತೇನೋ ಎಂದರು. ಅವರು ಯಾರನ್ನೂ ದೂರಿ ಹೇಳಿದ್ದಲ್ಲ, ಆ ಮೂರು ದಿನ ಯಾರ ಬೀರುವಿನಲ್ಲಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಅಣ್ಣನಿಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಮುಖ್ಯಸ್ಥರಿಂದ ಒಂದು ಪತ್ರ ಬಂತು. ಗುರುತು ಸಿಗುವ ಫೋಟೋಗಳನ್ನು ಪ್ರಿಂಟ್ ಹಾಕಿದ್ದು, ಭಾಗವಹಿಸಿದವರ ಮನೆಗೆ ಅನುಮತಿ ಇಲ್ಲದೆ ಹೋದದ್ದು ನಿಯಮದ ಉಲ್ಲಂಘನೆ, ಆದ್ದರಿಂದ ಇನ್ನು ಮುಂದೆ ಅವರ ಸೇವೆ ಅಗತ್ಯವಿಲ್ಲ ಎಂದು. ಕನ್ನಡದಲ್ಲಿ ಟೈಪ್ ಮಾಡಿದ್ದು ನಾನೇ. ಅವರಿಗೆ ಕೊಟ್ಟಾಗ ನಿಂತಲ್ಲೇ ಓದಿ, ಒಂದು ಕಡೆ ಒತ್ತು ಬಿಟ್ಟುಹೋಗಿದೆ ಎಂದು ತೋರಿಸಿದರು. "ಮಗು ಹೇಗಿದೆ ಅಂತ ಯಾರಾದ್ರೂ ಕೇಳಿದ್ರಾ?" ಎಂದರು. ಕೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಕಪ್ಪು ಪರದೆಯನ್ನು ಬಿಚ್ಚದೆ ಅಲ್ಲೇ ಬಿಟ್ಟು ಹೋದರು.

ಅವರು ಸಿದ್ದಾಪುರದ ಸ್ಟುಡಿಯೋಕ್ಕೆ ಮರಳಿದ್ದರು. ದಾರಿಯಲ್ಲಿ ಸಿಕ್ಕಾಗ ಅಮ್ಮನ ಮಂಡಿನೋವು ಕೇಳುತ್ತಿದ್ದರು, ಮೋಳೇ ಎಂದೇ ಕರೆಯುತ್ತಿದ್ದರು. ನಾನು ಅವರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನನ್ನ ಮುಖದಲ್ಲಿ ಏನು ಕಾಣುತ್ತದೋ ಎಂಬ ಭಯ. ಊರಿನವರನ್ನು ನೋಡಿ ನಕ್ಕಿದ್ದವಳು ನಾನು.

ಇನ್ನು ಆ ಮಗುವಿನ ಅಳತೆಯನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮಧ್ಯದಲ್ಲಿ ಬಿಟ್ಟುಹೋದವರ ಕೊನೆಯ ಅಳತೆಯನ್ನೇ ಅಂತಿಮ ಫಲಿತಾಂಶ ಎಂದು ಹಿಡಿಯಬೇಕು, ಮೊದಲೇ ಬರೆದಿಟ್ಟ ನಿಯಮದಲ್ಲಿ ಹಾಗಿದೆ ಎಂದು ತೀರ್ಮಾನವಾಯಿತು. ಜನವರಿಯ ಗೀಟು ಹಾಗೆಯೇ ಉಳಿಯಿತು. ಕೋಷ್ಟಕದಲ್ಲಿ ಆ ಮಗು ಅತ್ಯುತ್ತಮ ಎಂಬ ಕಾಲಮ್ಮಿನಲ್ಲಿ ಕೂತಿತು. ಕತ್ತಿನ ನಳಿಗೆಗೆ ಕಾಲಮ್ ಇರಲಿಲ್ಲ, ಅದು ಹಚ್ಚಿದ ಔಷಧಿಯಿಂದ ಆದ ತೊಂದರೆಯಲ್ಲ ಎಂದು ಬೇರೆ ಹಾಳೆಯಲ್ಲಿ ಒಂದು ಸಾಲು ಬರೆದರು. ಆ ಸಾಲಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಒಂದು ಕೆಲಸ ಬಾಕಿಯಿತ್ತು. ಆರು ತಿಂಗಳಾದ ಮೇಲೆ ಪ್ರತಿ ತಾಯಿಯನ್ನೂ ಕಂಡು, ಫಲಿತಾಂಶ ನಿಮಗೆ ಎಷ್ಟು ಸಮಾಧಾನ ತಂದಿದೆ, ಒಂದರಿಂದ ಹತ್ತರೊಳಗೆ ಹೇಳಿ ಎಂದು ಕೇಳಬೇಕು. ಮೇ ತಿಂಗಳಲ್ಲಿ ನಾನು ಆ ಎಸ್ಟೇಟಿಗೆ ಹೋದೆ. ನಳಿಗೆಯನ್ನು ಮುಂದೆ ಯಾವಾಗಲೋ ತೆಗೆದರೆಂದು, ಹುಡುಗಿ ಈಗ ಶಾಲೆಗೆ ಹೋಗುತ್ತಾಳೆಂದು ಕೇಳಿದ್ದೇನೆ. ಆ ದಿನದ ನಂತರ ನಾನು ಹೋಗಿ ನೋಡಿಲ್ಲ.

ತಾಯಿ ತೋಟದಲ್ಲಿ ಚಿಗುರು ತೆಗೆಯುತ್ತಿದ್ದಳು. ನಳಿಗೆ ಇರುವ ಮಗುವನ್ನು, ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಎಸ್ಟೇಟಿನ ಕೂಸಿನ ಮನೆಯ ಆಯಾ ಇಟ್ಟುಕೊಳ್ಳಲು ಒಪ್ಪಿರಲಿಲ್ಲ. ಒಂದು ಗೋಣಿತಾಟು ಹಾಸಿ ನೆರಳಲ್ಲಿ ಕೂರಿಸಿದ್ದಳು. ಗದ್ದದಲ್ಲಿ ಮಚ್ಚೆ ಇತ್ತೆಂದು ಹೇಳಿದರೂ ನಂಬದಷ್ಟು ಸ್ವಚ್ಛವಾಗಿತ್ತು. ಕತ್ತಿಗೆ ಬಿಳಿ ಪಟ್ಟಿ, ನಡುವೆ ಚಿಕ್ಕ ನಳಿಗೆ, ಅದರೊಳಗೆ ಉಸಿರು ಹೋಗಿಬರುವ ಸದ್ದು. ಎರಡೂ ಕಾಲಿಗೆ ತುಂಬ ಗೆಜ್ಜೆಯಿರುವ ದಪ್ಪ ಕಾಲ್ಗೆಜ್ಜೆ.

ನಾನು ಪ್ರಶ್ನೆ ಕೇಳಿದೆ. "ಯಾವುದು ಅಕ್ಕಾ, ಮಚ್ಚೆದಾ?" ಎಂದಳು.

"ಹೌದು."

"ಹತ್ತು ಬರ್ಕೊಳ್ಳಿ. ಹೋಯ್ತಲ್ಲ."

ಹತ್ತು ಎಂದು ಬರೆದೆ. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಅವಳು ಕೈಗೆ ಅಂಟಿದ್ದ ಎಲೆ ಒರೆಸಿಕೊಂಡಳು.

"ಅತ್ರೆ ಸದ್ದು ಬರಲ್ಲಕ್ಕಾ. ಉಸಿರು ಆ ಓಟೆಯಿಂದ್ಲೇ ಹೋಗ್ಬಿಡ್ತದೆ. ಒಳಗೆ ಕಫ ಕಟ್ಕೊಂಡ್ರೆ ಬೇಗ ತೆಗೀಬೇಕು, ಇಲ್ಲಾಂದ್ರೆ... ನಾನು ಆ ಕಡೆ ತಿರುಗಿ ಕೆಲ್ಸ ಮಾಡ್ತಿದ್ರೆ ಗೊತ್ತಾಗಲ್ಲ. ಅದಕ್ಕೇ ಫೋಟೋ ಅಣ್ಣ ಆ ಗೆಜ್ಜೆ ತಂದು ಕಟ್ಟಿದ್ದು. ಅಳುವಾಗ ಕಾಲು ಒದೀತದಲ್ಲ."

"ಅವರು ಇಲ್ಲಿಗೆ ಬರ್ತಾರಾ?"

"ಭಾನುವಾರ ಬರ್ತಾರೆ. ಗೆಜ್ಜೆ ಕಟ್ಟಿದ ದಿನ ಪಾಪು ಅಳೋವರೆಗೂ ಕಾದ್ರು. ಆಮೇಲೆ ಪಾಪುಗೆ ಬೆನ್ನು ಹಾಕಿ, ಒಂದೊಂದೇ ಹೆಜ್ಜೆ ದೂರ ಹೋಗಿ ನಿಂತು ನಿಂತು ಕೇಳಿದ್ರು. ಅದು ಸುಮ್ಮನಾದ್ರೆ ಮತ್ತೆ ಅಳೋವರೆಗೂ ಅಲ್ಲೇ ನಿಂತಿರೋರು. ಮೂರು ಭಾನುವಾರ ಹಂಗೇ ಮಾಡಿದ್ರು. ಕೊನೆಗೆ ಆ ಸಿಲ್ವರ್ ಮರಕ್ಕೆ ಸುಣ್ಣ ಹಚ್ಚಿ, ಇದರಾಚೆ ಕೆಲ್ಸಕ್ಕೆ ಹೋಗ್ಬೇಡ ಅಂದ್ರು. ಕೆಲ್ಸ ಹಂಚೋ ರೈಟರಿಗೂ ಹೇಳಿ ಹೋದ್ರು."

ಫಾರಂ ಮಡಚಿ ಚೀಲಕ್ಕೆ ಹಾಕಿದೆ. ಸುಣ್ಣದ ಗುರುತಿನ ಮರದವರೆಗೆ ನಡೆದು, ಬೆನ್ನು ತಿರುಗಿಸಿ ನಿಂತೆ. ತುಂಬಾ ಹೊತ್ತಾದ ಮೇಲೆ ಗೆಜ್ಜೆ ಕೇಳಿಸಿತು, ಸಣ್ಣಗೆ. ತಿರುಗಿ ನೋಡಿದರೆ ತಾಯಿ ಆಗಲೇ ಓಡಿ ಬಂದು ಮಗುವನ್ನು ಎತ್ತಿಕೊಂಡಿದ್ದಳು. ಅವಳು ಅದನ್ನು ಸಮಾಧಾನ ಮಾಡಿ ಮತ್ತೆ ಕೂರಿಸಿ ಕೆಲಸಕ್ಕೆ ಹೋದಳು. ನಾನು ಮರ ದಾಟಿ ನಾಲ್ಕು ಹೆಜ್ಜೆ ಆಚೆ ಹೋಗಿ, ಈ ಸಲ ಮಗುವಿನ ಕಡೆಗೇ ಮುಖ ಮಾಡಿ ನಿಂತೆ. ಅದು ಮತ್ತೆ ಅತ್ತಿತು. ಬಾಯಿ ಅಗಲವಾಗಿ ತೆರೆದಿತ್ತು, ಎರಡೂ ಕಾಲು ಒದೆಯುತ್ತಿದ್ದವು. ನನಗೆ ಏನೂ ಕೇಳಿಸಲಿಲ್ಲ.